ಕರಾವಳಿಯ ಸೆಕೆಯಲ್ಲಿ ಬಿಸಿಯೇರುವ ಕಂಪ್ಯೂಟರ್: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ವಿಡಿಯೋ ಸ್ಟುಡಿಯೋಗಳಲ್ಲಿ, ಮುದ್ರಣಾಲಯಗಳಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮನೆಗಳಲ್ಲಿ ಏಪ್ರಿಲ್ ಕಾಲಿಟ್ಟೊಡನೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಫ್ಯಾನ್ ಸದ್ದು ಜೋರಾಗಿದೆ, ರೆಂಡರ್ ನಿಧಾನವಾಗಿದೆ, ಕೆಲಸದ ನಡುವೆ ಯಂತ್ರ ತಾನಾಗಿ ಆಫ್ ಆಗುತ್ತದೆ. ಇದಕ್ಕೆ ಅಂಗಡಿಗಳಲ್ಲಿ ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ. ಇನ್ನೆರಡು ಫ್ಯಾನ್ ಹಾಕಿಸಿ, ಅದೂ ಸಾಲದಿದ್ದರೆ ಲಿಕ್ವಿಡ್ ಕೂಲರ್ (ನೀರು ಹರಿಸಿ ತಣಿಸುವ ಸಾಧನ) ಕೂಡಿಸಿ. ದೋಷ ಎಲ್ಲಿದೆ ಎಂದು ತಿಳಿಯದೆ ಹೀಗೆ ಮಾಡಿದಾಗ ಹಣ ಖರ್ಚಾಗುತ್ತದೆ, ಬಿಸಿ ಮಾತ್ರ ಇದ್ದಲ್ಲೇ ಇರುತ್ತದೆ.

ಪ್ರೊಸೆಸರ್‌ನಲ್ಲಿ ಹುಟ್ಟಿದ ಶಾಖ ಮೊದಲು ಥರ್ಮಲ್ ಪೇಸ್ಟ್ (ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ, ಶಾಖ ದಾಟಿಸುವ ಲೇಪ) ದಾಟಿ ಕೂಲರ್‌ನ ತಳಕ್ಕೆ ಬರುತ್ತದೆ, ಅಲ್ಲಿಂದ ಹೀಟ್ ಪೈಪ್ ಅಥವಾ ನೀರಿನ ಮೂಲಕ ಲೋಹದ ಹಾಳೆಗಳಿಗೆ, ಹಾಳೆಗಳಿಂದ ಕ್ಯಾಬಿನೆಟ್ಟಿನ ಗಾಳಿಗೆ, ಕೊನೆಗೆ ಕ್ಯಾಬಿನೆಟ್ಟಿನಿಂದ ಕೋಣೆಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಪರದೆಯ ಮೇಲೆ ಕಾಣುವುದು ಒಂದೇ ದೊಡ್ಡ ಸಂಖ್ಯೆ. ಆ ಸಂಖ್ಯೆಯೊಂದನ್ನೇ ನೋಡಿ ತಡೆ ಯಾವ ಹಂತದಲ್ಲಿದೆ ಎಂದು ಹೇಳಲು ಬರುವುದಿಲ್ಲ. ಬಿಸಿ ಹೇಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ನೋಡಿದರೆ ಹೇಳಬಹುದು. ಇದಕ್ಕೆ ಬೇಕಾದದ್ದು ಗೋಡೆಗೆ ತೂಗುಹಾಕುವ ಸಾಧಾರಣ ಉಷ್ಣಮಾಪಕ, ಸ್ಕ್ರೂಡ್ರೈವರ್, ಒಂದು ಊದುಬತ್ತಿ ಮತ್ತು ಯಂತ್ರದೊಳಗಿನ ಉಷ್ಣಾಂಶ ತೋರಿಸುವ, ಉಚಿತವಾಗಿ ಸಿಗುವ ಎಚ್‌ಡಬ್ಲ್ಯೂ ಇನ್ಫೋದಂತಹ ತಂತ್ರಾಂಶ.

ಸೆಕೆಯೂ ಉಷ್ಣಾಂಶವೂ ಬೇರೆ ಬೇರೆ

"ನಮ್ಮ ಕಡೆ ಹವೆಯಲ್ಲಿ ತೇವ ಜಾಸ್ತಿ, ಹಾಗಾಗಿ ಕಂಪ್ಯೂಟರ್ ತಣಿಯುವುದಿಲ್ಲ" ಎಂಬ ಮಾತು ಕರಾವಳಿಯಲ್ಲಿ ಬಹಳ ಜನರ ಬಾಯಲ್ಲಿದೆ. ಇದು ಸರಿಯಲ್ಲ. ಮನುಷ್ಯನಿಗೆ ಸೆಕೆಯಾಗುವುದು ಮೈಮೇಲಿನ ಬೆವರು ಆರದಿರುವುದರಿಂದ. ಲೋಹದ ಹಾಳೆ ಬೆವರುವುದಿಲ್ಲ, ಆದ್ದರಿಂದ ಕೋಣೆಯ ಉಷ್ಣಾಂಶ 32 ಡಿಗ್ರಿ ಇದ್ದರೆ ಕಾರವಾರದ ತೇವದ ಗಾಳಿಯೂ ಬಯಲುಸೀಮೆಯ ಒಣ ಗಾಳಿಯೂ ಹೀಟ್‌ಸಿಂಕ್‌ಗೆ ಬಹುಮಟ್ಟಿಗೆ ಒಂದೇ. ತೇವದಿಂದ ಆಗುವ ಕೆಡುಕು ಬೇರೆಯದು: ಅದು ಧೂಳನ್ನು ಅಂಟಿಸುತ್ತದೆ, ಉಪ್ಪಿನೊಡನೆ ಸೇರಿ ಲೋಹವನ್ನು ತಿನ್ನುತ್ತದೆ. ಅದನ್ನು ಮುಂದೆ ನೋಡೋಣ.

ನಿಜವಾಗಿ ಲೆಕ್ಕಕ್ಕೆ ಬರುವುದು ಕೋಣೆಯ ಉಷ್ಣಾಂಶ. ಗಾಳಿಯಿಂದ ತಣಿಸುವ ಕೂಲರ್ ಆಗಲಿ, ನೀರಿನಿಂದ ತಣಿಸುವುದಾಗಲಿ, ತನ್ನೊಳಗೆ ಬರುವ ಗಾಳಿಗಿಂತ ಕೆಳಗೆ ಪ್ರೊಸೆಸರ್‌ನ ಬಿಸಿಯನ್ನು ಇಳಿಸಲಾರದು. ಕೋಣೆ ಒಂದು ಡಿಗ್ರಿ ಏರಿದರೆ ಪ್ರೊಸೆಸರ್ ಸಹ ಸುಮಾರು ಒಂದು ಡಿಗ್ರಿ ಏರುತ್ತದೆ. ಬೆಂಗಳೂರಿನ ಹವಾನಿಯಂತ್ರಿತ ಅಂಗಡಿಯಲ್ಲಿ 24 ಡಿಗ್ರಿಯಲ್ಲಿ ಪರೀಕ್ಷಿಸಿ 80 ಡಿಗ್ರಿ ತೋರಿಸಿದ ಯಂತ್ರ, ಮೇ ತಿಂಗಳ ಮಧ್ಯಾಹ್ನ 34 ಡಿಗ್ರಿಯ ಕಾರವಾರದ ಕೋಣೆಯಲ್ಲಿ 90 ತೋರಿಸಿದರೆ ಅದರಲ್ಲಿ ಹೊಸ ದೋಷವೇನೂ ಹುಟ್ಟಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಘಟ್ಟದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ಡಿಸೆಂಬರ್ ರಾತ್ರಿಯ ಚಳಿಗೆ ನಿಜವಾದ ದೋಷವೂ ಮರೆಯಾಗಿ ಕೂತಿರುತ್ತದೆ, ಬೇಸಿಗೆಯಲ್ಲಿ ಒಮ್ಮೆಲೇ ಹೊರಬೀಳುತ್ತದೆ. ಆದ್ದರಿಂದ ಬರೆದಿಟ್ಟುಕೊಳ್ಳಬೇಕಾದ ಅಂಕಿ ಪ್ರೊಸೆಸರ್‌ನ ಉಷ್ಣಾಂಶ ಮಾತ್ರವಲ್ಲ, ಅದರಿಂದ ಕೋಣೆಯ ಉಷ್ಣಾಂಶವನ್ನು ಕಳೆದಾಗ ಉಳಿಯುವ ಅಂತರ.

ಅಳತೆ

ಉಷ್ಣಮಾಪಕವನ್ನು ಮೊದಲು ಕೋಣೆಯ ನಡುವೆ, ಬಳಿಕ ಯಂತ್ರ ಅರ್ಧ ಗಂಟೆ ದುಡಿದ ಮೇಲೆ ಕ್ಯಾಬಿನೆಟ್ಟಿನ ಮುಂಭಾಗದ ಜಾಲರಿಯ ಎದುರು ಇಟ್ಟು ಓದಬೇಕು. ಎರಡರ ನಡುವೆ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ಪೆಟ್ಟಿಗೆಯ ಹೊರಗೇ ಇದೆ: ಹಿಂದಿನಿಂದ ಹೊರಬಂದ ಬಿಸಿಗಾಳಿ ಸುತ್ತಿ ಬಂದು ಮತ್ತೆ ಮುಂದಿನಿಂದ ಒಳಗೆ ಹೋಗುತ್ತಿದೆ. ಮೇಜಿನ ಕೆಳಗೆ ಮೂರು ಕಡೆ ಹಲಗೆ ಹೊಡೆದು ಮಾಡಿದ ಗೂಡಿನಲ್ಲಿ ಕ್ಯಾಬಿನೆಟ್ ಇಡುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ, ಮತ್ತು ಬಿಸಿಯ ದೂರುಗಳಲ್ಲಿ ಬಹಳಷ್ಟಕ್ಕೆ ಆ ಗೂಡೇ ಕಾರಣ. ಯಂತ್ರವನ್ನು ಗೂಡಿನಿಂದ ತೆಗೆದು, ಹಿಂಬದಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಟ್ಟು ಮತ್ತೆ ಅಳೆಯಿರಿ. ಇಷ್ಟರಿಂದಲೇ ಬಿಸಿ ಇಳಿದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಅಗತ್ಯವಿಲ್ಲ.

ಇದರೊಡನೆ ತಂತ್ರಾಂಶದಲ್ಲಿ ಪ್ರೊಸೆಸರ್ ಎಷ್ಟು ವ್ಯಾಟ್ ಬಳಸುತ್ತಿದೆ ಎಂಬುದನ್ನೂ ನೋಡಬೇಕು. ಇಂಟೆಲ್‌ನ ಕೋರ್ ಐ7-12700 ಪ್ರೊಸೆಸರ್‌ಗೆ ಮೂಲ ಮಿತಿ 65 ವ್ಯಾಟ್, ಟರ್ಬೋ (ವೇಗ ಹೆಚ್ಚಿಸಿಕೊಂಡಾಗಿನ) ಮಿತಿ 180 ವ್ಯಾಟ್. ಮದರ್‌ಬೋರ್ಡ್ ಆ ಮೇಲಿನ ಮಿತಿಯನ್ನು ಸದಾಕಾಲ ತೆರೆದಿಟ್ಟಿದ್ದರೆ, 65 ವ್ಯಾಟ್‌ಗೆ ಸಾಕಾಗುವ ಚಿಕ್ಕ ಕೂಲರ್ ಸೋಲುವುದು ಸಹಜ; ಅಲ್ಲಿ ಕೂಲರ್ ಕೆಟ್ಟಿಲ್ಲ, ಬಯಾಸ್‌ನ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ) ವಿದ್ಯುತ್ ಮಿತಿಯನ್ನು ಇಳಿಸಬೇಕು ಅಥವಾ ದೊಡ್ಡ ಕೂಲರ್ ಬೇಕು. ಹಾಗೆಯೇ ಎಎಂಡಿಯ ರೈಝನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿ ತಲುಪುವಂತೆಯೇ ರೂಪಿತವಾಗಿವೆ. ಆ ಅಂಕಿ ಕಂಡು ಗಾಬರಿಪಡಬೇಕಿಲ್ಲ. ಉಳಿದ ಸಾಮಾನ್ಯ ಯಂತ್ರಗಳಲ್ಲಿ ಪೂರ್ಣ ಹೊರೆಯ ಹೊತ್ತಿನ ಅಂತರ 50 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನಾನು ಒಪ್ಪಿಕೊಳ್ಳುತ್ತೇನೆ, 60 ದಾಟಿದರೆ ಮುಂದಿನ ಪರೀಕ್ಷೆಗಳಿಗೆ ಇಳಿಯುತ್ತೇನೆ.

ಯಂತ್ರ ತಾನಾಗಿ ಆಫ್ ಆಗುತ್ತಿದ್ದರೆ ಇನ್ನೊಂದು ಎಚ್ಚರ ಅಗತ್ಯ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಕ್ಷಣಕಾಲ ಹೋಗಿ ಬರುವುದು ಸಾಮಾನ್ಯವಾದ್ದರಿಂದ, ಯುಪಿಎಸ್‌ನ ಬ್ಯಾಟರಿ ಸತ್ತಿದ್ದರೂ ಇದೇ ಲಕ್ಷಣ ಕಾಣುತ್ತದೆ. ವಿಂಡೋಸ್ ದಾಖಲೆಯಲ್ಲಿ ಸಿಗುವ ಕರ್ನಲ್-ಪವರ್ 41 ಎಂಬ ನಮೂದು ಯಂತ್ರ ಸರಿಯಾದ ಕ್ರಮದಲ್ಲಿ ಮುಚ್ಚಲಿಲ್ಲ ಎಂದಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಉಷ್ಣಾಂಶವನ್ನು ಫೈಲಿಗೆ ದಾಖಲಿಸುವ ಸೌಲಭ್ಯ ಚಾಲೂ ಮಾಡಿಟ್ಟು, ಆಫ್ ಆದ ನಂತರ ಆ ಫೈಲಿನ ಕೊನೆಯ ಸಾಲನ್ನು ನೋಡಿ. ಅಲ್ಲಿ 60 ಡಿಗ್ರಿ ಇದ್ದರೆ ಹುಡುಕಬೇಕಾದದ್ದು ವಿದ್ಯುತ್ತಿನ ದೋಷವನ್ನು.

ಬಿಸಿ ಏರುವ ವೇಗ

ಈ ಕೈಪಿಡಿಯಲ್ಲಿ ಒಂದೇ ಒಂದು ಪರೀಕ್ಷೆಯನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಯಂತ್ರ ಹತ್ತು ನಿಮಿಷ ಸುಮ್ಮನಿದ್ದು ತಣಿಯಲಿ. ಆಮೇಲೆ ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನಿಬೆಂಚ್‌ನಂತಹ ತಂತ್ರಾಂಶದಿಂದ ಹೊರೆ ಕೊಟ್ಟು ಗ್ರಾಫ್ ನೋಡುತ್ತಾ ಕುಳಿತುಕೊಳ್ಳಿ.

ಹೊರೆ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಉಷ್ಣಾಂಶ ನೆಟ್ಟಗೆ 95ಕ್ಕೋ 100ಕ್ಕೋ ಜಿಗಿದರೆ, ಶಾಖ ಪ್ರೊಸೆಸರ್‌ನಿಂದ ಕೂಲರ್‌ಗೆ ದಾಟುತ್ತಲೇ ಇಲ್ಲ ಎಂದು ತಿಳಿಯಬೇಕು. ಪೇಸ್ಟ್ ಒಣಗಿರಬಹುದು, ಸ್ಕ್ರೂ ಸಡಿಲವಾಗಿರಬಹುದು, ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೆ ಬಿಟ್ಟಿರಬಹುದು, ಲಿಕ್ವಿಡ್ ಕೂಲರ್ ಆಗಿದ್ದರೆ ಪಂಪ್ ನಿಂತಿರಬಹುದು. ಕ್ಯಾಬಿನೆಟ್ಟಿನ ಗಾಳಿ ಅಷ್ಟು ಬೇಗ ಬಿಸಿಯಾಗಲು ಸಾಧ್ಯವೇ ಇಲ್ಲವಾದ್ದರಿಂದ ಇಂಥ ಯಂತ್ರಕ್ಕೆ ಎಷ್ಟು ಫ್ಯಾನ್ ಹಾಕಿದರೂ ವ್ಯರ್ಥ. ಅದೇ ಉಷ್ಣಾಂಶ ಮೊದಲು 75ರಲ್ಲಿ ನಿಂತು, ಹತ್ತು ಹದಿನೈದು ನಿಮಿಷಗಳ ಅವಧಿಯಲ್ಲಿ ನಿಧಾನವಾಗಿ 80, 85, 90 ಎಂದು ತೆವಳಿದರೆ, ಪೇಸ್ಟ್ ಮತ್ತು ಪಂಪ್ ತಮ್ಮ ಕೆಲಸ ಮಾಡುತ್ತಿವೆ. ಸುತ್ತಲಿನ ಗಾಳಿ ಬದಲಾಗುತ್ತಿಲ್ಲ ಅಥವಾ ರೇಡಿಯೇಟರ್ (ಲಿಕ್ವಿಡ್ ಕೂಲರ್‌ನಲ್ಲಿ ನೀರು ತಣಿಯುವ ಹಾಳೆಗಳ ಭಾಗ) ಕಟ್ಟಿಕೊಂಡಿದೆ. ನೀರಿಗೆ ಶಾಖ ಹಿಡಿದಿಡುವ ಸಾಮರ್ಥ್ಯ ಹೆಚ್ಚಿರುವುದರಿಂದ ಲಿಕ್ವಿಡ್ ಕೂಲರ್ ಸ್ಥಿರವಾಗಲು ಅರ್ಧ ಗಂಟೆಯೇ ಬೇಕಾಗಬಹುದು. ಐದು ನಿಮಿಷ ಪರೀಕ್ಷಿಸಿ "ಚೆನ್ನಾಗಿದೆ" ಎಂದು ಕಳಿಸಿಬಿಟ್ಟ ಯಂತ್ರಗಳು ಮರುದಿನವೇ ಮರಳಿ ಬರುವುದು ಈ ಕಾರಣಕ್ಕೆ.

ಹೊರೆ ತೆಗೆದಾಗ ಬಿಸಿ ಇಳಿಯುವ ರೀತಿಯನ್ನೂ ನೋಡಬೇಕು. ಒಂದೆರಡು ಸೆಕೆಂಡಿನಲ್ಲಿ ಬಹುಪಾಲು ಇಳಿದರೆ ತಡೆ ಪೇಸ್ಟ್ ಬಳಿ ಇದೆ. ನಿಮಿಷಗಟ್ಟಲೆ ಬಿಸಿ ಹಾಗೇ ಉಳಿದರೆ ನೀರು ಅಥವಾ ಒಳಗಿನ ಗಾಳಿ ಕಾದು ಕೂತಿದೆ.

ಬಳಿಕ ಇದೇ ಪರೀಕ್ಷೆಯನ್ನು ಮೂರು ಬಗೆಯಲ್ಲಿ ಮಾಡಬೇಕು: ಪ್ರೊಸೆಸರ್‌ಗೆ ಮಾತ್ರ ಹೊರೆ, ಗ್ರಾಫಿಕ್ಸ್ ಕಾರ್ಡ್‌ಗೆ ಮಾತ್ರ ಹೊರೆ, ಎರಡಕ್ಕೂ ಒಟ್ಟಿಗೆ ಹೊರೆ. ಬೇರೆ ಬೇರೆಯಾಗಿ ಎರಡೂ ಚೆನ್ನಾಗಿದ್ದು, ಒಟ್ಟಿಗೆ ದುಡಿದಾಗ ಮಾತ್ರ ಪ್ರೊಸೆಸರ್ ಹದಿನೈದು ಡಿಗ್ರಿ ಮೇಲೇರಿದರೆ, ಕಾರ್ಡ್ ಉಗುಳಿದ ಬಿಸಿಗಾಳಿಯೇ ಪ್ರೊಸೆಸರ್‌ನ ಕೂಲರ್‌ಗೆ ಹೋಗುತ್ತಿದೆ. ವಿಡಿಯೋ ಸಂಕಲನ ಮಾಡುವವರ ಯಂತ್ರಗಳಲ್ಲಿ ಈ ಬಗೆಯ ದೋಷವೇ ಹೆಚ್ಚು, ಏಕೆಂದರೆ ಅಲ್ಲಿ ಎರಡೂ ಒಟ್ಟಿಗೆ ದುಡಿಯುತ್ತವೆ.

ಪಕ್ಕದ ಮುಚ್ಚಳ ತೆಗೆದು ನೋಡುವುದು

ಹೊರೆ ನಡೆಯುತ್ತಿರುವಾಗಲೇ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಹತ್ತು ನಿಮಿಷ ಕಾಯಿರಿ. ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಪೆಟ್ಟಿಗೆಗೆ ಉಸಿರಾಟದ ತೊಂದರೆಯಿದೆ; ಇಳಿಯದಿದ್ದರೆ ದೋಷ ಕೂಲರ್‌ನಲ್ಲೇ ಇದೆ. ಮುಚ್ಚಳ ತೆಗೆದೇ ಬಳಸುವುದನ್ನು ಶಾಶ್ವತ ಪರಿಹಾರ ಮಾಡಿಕೊಳ್ಳುವುದನ್ನು ನಾನು ಖಂಡಿತ ಒಪ್ಪುವುದಿಲ್ಲ: ನಮ್ಮ ಊರುಗಳಲ್ಲಿ ಧೂಳು, ಇರುವೆ, ಹಲ್ಲಿ ಮೂರೂ ಒಳಗೆ ಸೇರುತ್ತವೆ, ಮತ್ತು ಹಲ್ಲಿಯೊಂದು ಬೋರ್ಡಿನ ಮೇಲೆ ಓಡಿದರೆ ಆಗುವ ನಷ್ಟ ಫ್ಯಾನಿನ ಬೆಲೆಗಿಂತ ಎಷ್ಟೋ ದೊಡ್ಡದು.

ಎಷ್ಟು ಗಾಳಿ ಬೇಕು ಎಂಬುದನ್ನು ಲೆಕ್ಕ ಹಾಕಬಹುದು. ಒಟ್ಟು 400 ವ್ಯಾಟ್ ಶಾಖ ಹೊಮ್ಮುವ ಯಂತ್ರದಲ್ಲಿ ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ, ಪ್ರತಿ ಸೆಕೆಂಡಿಗೆ ಸುಮಾರು 33 ಲೀಟರ್ ಗಾಳಿ ಪೆಟ್ಟಿಗೆಯ ಮೂಲಕ ಹಾದು ಹೋಗಬೇಕು. ಒಳ್ಳೆಯ 120 ಮಿ.ಮೀ. ಫ್ಯಾನ್ ಬಯಲಿನಲ್ಲಿ ಸೆಕೆಂಡಿಗೆ 25 ಲೀಟರ್‌ನ ಆಸುಪಾಸು ತಳ್ಳುತ್ತದೆ. ಜಾಲರಿ ಮತ್ತು ಫಿಲ್ಟರ್‌ನ ಹಿಂದೆ ಅದು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಒಳಕ್ಕೆ ಎಳೆಯುವ ಮೂರು ಫ್ಯಾನ್ ಇದ್ದರೆ ಸಾಲುತ್ತದೆ. ಮುಂಭಾಗದಲ್ಲಿ ಬರೀ ಗಾಜು ಇಟ್ಟು, ಅಂಚಿನಲ್ಲಿ ಬೆರಳಗಲದ ಸಂದು ಬಿಟ್ಟ ಕ್ಯಾಬಿನೆಟ್ಟಿನಲ್ಲಿ ಮೂರು ಫ್ಯಾನ್ ಇದ್ದೂ ಸಾಲುವುದಿಲ್ಲ, ಅಲ್ಲಿ ನಾಲ್ಕನೆಯದನ್ನು ಹಾಕಿಯೂ ಪ್ರಯೋಜನವಿಲ್ಲ. ಕರಾವಳಿಯಲ್ಲಿ ಯಂತ್ರ ಕಟ್ಟಿಸುವವರು ಗಾಜಿನ ಮುಖ ಬಿಟ್ಟು ಜಾಲರಿಯ ಮುಖವನ್ನೇ ಆರಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಫ್ಯಾನ್‌ಗಳ ದಿಕ್ಕು ಮತ್ತು ಸ್ಥಾನ

ಕರಾವಳಿಯ ಹಳೆಯ ಮನೆಗಳಲ್ಲಿ ಹೆಬ್ಬಾಗಿಲು ಮತ್ತು ಹಿತ್ತಿಲ ಬಾಗಿಲು ಎದುರುಬದುರಾಗಿದ್ದು, ಎರಡನ್ನೂ ತೆರೆದಾಗ ಗಾಳಿ ನಡುಮನೆಯನ್ನು ಹಾದು ಹೋಗುವಂತೆ, ಕ್ಯಾಬಿನೆಟ್ಟಿನಲ್ಲೂ ಗಾಳಿ ಮುಂದಿನಿಂದ ಬಂದು, ಕಾರ್ಡ್ ಮತ್ತು ಪ್ರೊಸೆಸರ್ ದಾಟಿ, ಹಿಂದಿನಿಂದ ಹಾಗೂ ಮೇಲಿನಿಂದ ಹೊರಬೀಳಬೇಕು. ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳು ಫ್ಯಾನಿನ ಯಾವ ಬದಿಗಿವೆಯೋ ಆ ಬದಿಗೆ ಗಾಳಿ ಹೊರಡುತ್ತದೆ. ಈಗ ನೋಟಕ್ಕಾಗಿ ಎಲೆಗಳನ್ನು ತಿರುವುಮುರುವು ಮಾಡಿದ ಫ್ಯಾನ್‌ಗಳೂ ಬರುತ್ತಿರುವುದರಿಂದ ಚೌಕಟ್ಟಿನ ಮೇಲಿನ ಬಾಣದ ಗುರುತನ್ನು ನೋಡುವುದು ಲೇಸು. ಗುರುತು ಇಲ್ಲದಿದ್ದರೆ ಉರಿಯುವ ಊದುಬತ್ತಿಯನ್ನು ಫ್ಯಾನಿನಿಂದ ಒಂದು ಗೇಣು ದೂರ ಹಿಡಿದು ಹೊಗೆ ಎತ್ತ ವಾಲುತ್ತದೆ ಎಂದು ನೋಡಿ. ಬೂದಿ ಒಳಗೆ ಬೀಳದಂತೆ ಎಚ್ಚರ ವಹಿಸಬೇಕು.

ಪದೇ ಪದೇ ಕಾಣುವ ತಪ್ಪು ಜೋಡಣೆ ಇದು: ಮೇಲ್ಭಾಗದ ಮುಂದಿನ ಮೂಲೆಯಲ್ಲಿ, ಹೊರಗೆ ಎಳೆಯುವಂತೆ ಒಂದು ಫ್ಯಾನ್. ಮುಂದಿನಿಂದ ಆಗತಾನೇ ಬಂದ ತಂಪು ಗಾಳಿ ಪ್ರೊಸೆಸರ್ ತಲುಪುವ ಮೊದಲೇ ಅದರ ಮೂಲಕ ಹೊರಟುಹೋಗುತ್ತದೆ. ಆ ಫ್ಯಾನನ್ನು ನಿಲ್ಲಿಸಿ, ಆ ರಂಧ್ರಗಳ ಮೇಲೆ ರಟ್ಟು ಮುಚ್ಚಿ ಪರೀಕ್ಷಿಸಿದರೆ, ಒಂದು ಫ್ಯಾನ್ ಕಡಿಮೆಯಾದರೂ ಉಷ್ಣಾಂಶ ಇಳಿಯುವುದನ್ನು ಕಾಣಬಹುದು. ಒಳಗೆಳೆಯುವ ಗಾಳಿ ಹೊರತಳ್ಳುವುದಕ್ಕಿಂತ ತುಸು ಹೆಚ್ಚಿರಬೇಕು ಎಂಬ ನಿಯಮ ನಮ್ಮ ಪ್ರದೇಶಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ; ಹೊರತಳ್ಳುವುದೇ ಹೆಚ್ಚಾದರೆ ಫಿಲ್ಟರ್ ಇಲ್ಲದ ಪ್ರತಿಯೊಂದು ಸಂದಿನಿಂದಲೂ ಧೂಳು ಒಳಗೆ ಸೇದಿಕೊಳ್ಳುತ್ತದೆ.

ದಿಕ್ಕು ಸರಿಯಿದ್ದೂ ಗಾಳಿ ಸಾಲದಿದ್ದರೆ ಫ್ಯಾನ್ ನಿಜವಾಗಿ ತಿರುಗುತ್ತಿದೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಮೂರು ಫ್ಯಾನ್‌ಗಳನ್ನು ಒಂದು ಹಬ್‌ಗೆ (ಹಲವು ಫ್ಯಾನ್‌ಗಳನ್ನು ಕೂಡಿಸುವ ಜೋಡಣೆಗೆ) ಜೋಡಿಸಿದಾಗ ಸಾಮಾನ್ಯವಾಗಿ ಒಂದರ ವೇಗ ಮಾತ್ರ ಬೋರ್ಡಿಗೆ ತಿಳಿಯುತ್ತದೆ. ಉಳಿದೆರಡು ಸತ್ತಿದ್ದರೂ ಪರದೆಯ ಮೇಲೆ 1200 ಆರ್‌ಪಿಎಂ ಎಂದೇ ಕಾಣುತ್ತದೆ. ಮೂರು ಪಿನ್ನಿನ ಫ್ಯಾನನ್ನು ಪಿಡಬ್ಲ್ಯೂಎಂ ಕ್ರಮದಲ್ಲಿರುವ (ನಾಲ್ಕನೆಯ ಪಿನ್ನಿನ ಸಂಕೇತದಿಂದ ವೇಗ ನಿಯಂತ್ರಿಸುವ) ಹೆಡರ್‌ಗೆ, ಅಂದರೆ ಬೋರ್ಡಿನ ಮೇಲೆ ಫ್ಯಾನ್ ಸಿಕ್ಕಿಸುವ ಪಿನ್‌ಗಳಿಗೆ, ಹಾಕಿದರೆ ಅದು ಸದಾ ಪೂರ್ಣ ವೇಗದಲ್ಲಿ ಓಡುತ್ತದೆ. ನಾಲ್ಕು ಪಿನ್ನಿನದನ್ನು ಡಿಸಿ ಕ್ರಮದಲ್ಲಿ, ಅಂದರೆ ವೋಲ್ಟೇಜ್ ಏರಿಳಿಸಿ, ಓಡಿಸಿದರೆ ಕಡಿಮೆ ವೋಲ್ಟೇಜ್‌ನಲ್ಲಿ ಶುರುವಾಗದೆಯೂ ಇರಬಹುದು. ಸಾಮಾನ್ಯ ಹೆಡರ್ ಒಂದು ಆಂಪಿಯರ್‌ವರೆಗೆ ಮಾತ್ರ ತಡೆಯುತ್ತದೆ ಎಂಬುದನ್ನು ಕವಲು ವೈರ್ ಬಳಸುವಾಗ ಮರೆಯಬಾರದು.

ಲಿಕ್ವಿಡ್ ಕೂಲರ್‌ನ ಪರೀಕ್ಷೆ

ಹತ್ತು ನಿಮಿಷ ಹೊರೆ ಕೊಟ್ಟ ಮೇಲೆ ಎರಡು ಕೊಳವೆಗಳನ್ನೂ ಕೈಯಿಂದ ಮುಟ್ಟಿ ನೋಡಿ. ಪಂಪ್ ಸರಿಯಾಗಿ ಓಡುತ್ತಿದ್ದರೆ ಎರಡೂ ಬೆಚ್ಚಗಿದ್ದು, ನಡುವಿನ ವ್ಯತ್ಯಾಸ ಕೈಗೆ ತಿಳಿಯದಷ್ಟು ಸಣ್ಣದಾಗಿರುತ್ತದೆ. ಪಂಪಿನ ಬಳಿ ಸುಡುವಷ್ಟು ಬಿಸಿ, ರೇಡಿಯೇಟರ್ ಮಾತ್ರ ತಣ್ಣಗೆ ಎಂದಾದರೆ ನೀರು ಹರಿಯುತ್ತಿಲ್ಲ. ಆಗ ಮೊದಲು ಪಂಪಿನ ವೈರ್ ಎಲ್ಲಿ ಜೋಡಣೆಯಾಗಿದೆ ಎಂದು ನೋಡಬೇಕು: ಅದನ್ನು ಫ್ಯಾನ್ ಹೆಡರ್‌ಗೆ ಹಾಕಿ ವೇಗವನ್ನು ಉಷ್ಣಾಂಶಕ್ಕೆ ತಕ್ಕಂತೆ ಇಳಿಸುವ ಕ್ರಮದಲ್ಲಿ ಬಿಟ್ಟಿದ್ದರೆ ಪಂಪ್ ಅರೆಜೀವದಲ್ಲಿ ಓಡುತ್ತಿರುತ್ತದೆ. ಬಯಾಸ್‌ನಲ್ಲಿ ಆ ಹೆಡರನ್ನು 100 ಪ್ರತಿಶತಕ್ಕೆ ನಿಲ್ಲಿಸಿ. ಪ್ರೊಸೆಸರ್ ಫ್ಯಾನಿನ ಹೆಡರ್ ಖಾಲಿಯಿರುವ ಕಾರಣಕ್ಕೆ ಶುರುವಿನಲ್ಲೇ "ಸಿಪಿಯು ಫ್ಯಾನ್ ಎರರ್" ಬರುತ್ತಿದ್ದರೆ ರೇಡಿಯೇಟರ್‌ನ ಫ್ಯಾನನ್ನು ಅಲ್ಲಿಗೆ ಜೋಡಿಸಿದರೆ ಸಾಕು.

ಪಂಪಿನಿಂದ ಗುಳುಗುಳು ಸದ್ದು ಬರುತ್ತಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಮುಚ್ಚಿದ ಲಿಕ್ವಿಡ್ ಕೂಲರ್‌ನಲ್ಲೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಕೊಳವೆಯ ಗೋಡೆಯ ಮೂಲಕ ನೀರು ವರ್ಷಗಳ ಅವಧಿಯಲ್ಲಿ ಬಹು ನಿಧಾನವಾಗಿ ಆರುವುದರಿಂದ ಅದು ಹೆಚ್ಚುತ್ತಲೂ ಹೋಗುತ್ತದೆ, ಮತ್ತು ಆ ಗಾಳಿ ಯಾವಾಗಲೂ ಅತಿ ಎತ್ತರದ ಜಾಗಕ್ಕೆ ಏರುತ್ತದೆ. ಆ ಜಾಗ ರೇಡಿಯೇಟರ್‌ನ ತುದಿಯಾಗಿದ್ದರೆ ತೊಂದರೆಯಿಲ್ಲ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿಟ್ಟು ಪಂಪ್ ಅದಕ್ಕಿಂತ ಮೇಲಿದ್ದರೆ ಗಾಳಿಯೆಲ್ಲ ಪಂಪಿಗೇ ಬಂದು, ಅದು ನೀರಿಲ್ಲದೆ ತಿರುಗಿ ಬೇಗ ಸವೆಯುತ್ತದೆ. ರೇಡಿಯೇಟರ್ ಮೇಲ್ಭಾಗದಲ್ಲಿರುವುದು ಉತ್ತಮ. ಮುಂಭಾಗದಲ್ಲಿ ನಿಲ್ಲಿಸುವುದಾದರೆ ಅದರ ಮೇಲಿನ ತುದಿ ಪಂಪಿಗಿಂತ ಎತ್ತರದಲ್ಲಿರಬೇಕು, ಸಾಧ್ಯವಿದ್ದರೆ ಕೊಳವೆಗಳು ಕೆಳಗಡೆಯಿಂದ ಹೊರಡಬೇಕು. ಮುಂಭಾಗದ ರೇಡಿಯೇಟರ್ ಪ್ರೊಸೆಸರ್‌ಗೆ ತಂಪು ಗಾಳಿ ಕೊಟ್ಟು ಕಾರ್ಡ್‌ಗೆ ತುಸು ಬಿಸಿ ಗಾಳಿ ಕೊಡುತ್ತದೆ, ಮೇಲ್ಭಾಗದ್ದು ಇದಕ್ಕೆ ವಿರುದ್ಧ. ಮೂರು ಬಗೆಯ ಹೊರೆಯ ಪರೀಕ್ಷೆಯಲ್ಲಿ ಯಾವುದು ಕಷ್ಟದಲ್ಲಿದೆ ಎಂದು ತಿಳಿದಿದ್ದರೆ ಈ ಆಯ್ಕೆ ಸುಲಭ.

ಬಿಡಿಭಾಗ ಕೂಡಿಸಿ ತಾವೇ ನೀರು ತುಂಬುವವರು ಬಾವಿ ನೀರನ್ನಾಗಲಿ ನಲ್ಲಿ ನೀರನ್ನಾಗಲಿ ಎಂದಿಗೂ ಬಳಸಬಾರದು. ಬ್ಯಾಟರಿ ನೀರಿನಲ್ಲಿ ಲವಣವಿಲ್ಲ ನಿಜ, ಆದರೆ ತುಕ್ಕುತಡೆಯೂ ಇಲ್ಲ. ಇದಕ್ಕೆಂದೇ ಮಾರುವ ಕೂಲೆಂಟ್ ಬಳಸಿ, ತಾಮ್ರ ಮತ್ತು ಅಲ್ಯೂಮಿನಿಯಂ ಭಾಗಗಳನ್ನು ಒಂದೇ ಸುತ್ತಿನಲ್ಲಿ ಬೆರೆಸದಿರಿ. ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಕೊರೆದುಹೋಗುತ್ತದೆ.

ಪೇಸ್ಟ್ ಮತ್ತು ಒತ್ತಡ

ಜಿಗಿತದ ಲಕ್ಷಣ ಕಂಡು, ಪಂಪೂ ಸರಿಯಿದ್ದರೆ ಮಾತ್ರ ಕೂಲರ್ ಬಿಚ್ಚಬೇಕು. ಎಎಂಡಿಯ ಎಎಂ4 (ಅಡಿಭಾಗದಲ್ಲಿ ಪಿನ್‌ಗಳಿರುವ) ಪ್ರೊಸೆಸರ್ ಆಗಿದ್ದರೆ ಬಿಚ್ಚುವ ಮೊದಲು ಯಂತ್ರವನ್ನು ಸ್ವಲ್ಪ ಬಿಸಿಮಾಡಿ ಆಫ್ ಮಾಡಿ, ಕೂಲರನ್ನು ಮೆಲ್ಲಗೆ ತಿರುವುತ್ತಾ ಎತ್ತಿ. ನೆಟ್ಟಗೆ ಎಳೆದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತು ಬಂದು ಪಿನ್ ಬಾಗುವ ಅಪಾಯವಿದೆ. ಹಳೆಯ ಪೇಸ್ಟ್ ತಳದ ಮೇಲೆ ಎಲ್ಲ ಕಡೆ ತೆಳ್ಳಗೆ ಹರಡಿದೆಯೇ, ಒಂದು ಮೂಲೆಯಲ್ಲಿ ದಪ್ಪವಾಗಿ ಉಳಿದಿದೆಯೇ ಎಂದು ಒರೆಸುವ ಮೊದಲೇ ನೋಡಿ. ದಪ್ಪ ಉಳಿದ ಮೂಲೆಯಲ್ಲಿ ಒತ್ತಡ ಬಿದ್ದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ.

ಉಪ್ಪುಗಾಳಿ ಮತ್ತು ಕೆಂಪು ಧೂಳು

ಬಯಲುಸೀಮೆಯ ಧೂಳನ್ನು ಬ್ಲೋವರ್ ಹಾರಿಸಿಬಿಡುತ್ತದೆ. ಗಿಲಾವು ಮಾಡದ ಚಿರೆಕಲ್ಲಿನ ಗೋಡೆಯಿಂದ, ಹೆದ್ದಾರಿ 66ರ ಬದಿಯಿಂದ ಬರುವ ಕೆಂಪು ಧೂಳು ಕಡಲ ತೇವ ಕುಡಿದು ರೇಡಿಯೇಟರ್‌ನ ಹಾಳೆಗಳ ನಡುವೆ ಹೆಂಟೆಯಂತಾಗಿ ಕೂರುತ್ತದೆ, ಮತ್ತು ಅದು ಕೂರುವುದು ಫ್ಯಾನ್ ಮತ್ತು ರೇಡಿಯೇಟರ್ ಕೂಡುವ ಒಳಮುಖದಲ್ಲಾದ್ದರಿಂದ ಹೊರಗಿನಿಂದ ನೋಡಿದರೆ ಎಲ್ಲವೂ ಶುಚಿಯಾಗಿಯೇ ಕಾಣುತ್ತದೆ. ಫ್ಯಾನ್ ಬಿಚ್ಚಿ, ಮೆದು ಬ್ರಷ್‌ನಿಂದ ಹಾಳೆಗಳ ಉದ್ದಕ್ಕೆ ಉಜ್ಜಿ, ಆಮೇಲೆ ಬ್ಲೋವರ್ ಹಿಡಿಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ತಡೆದಿಟ್ಟುಕೊಳ್ಳಿ. ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಮೋಟಾರು ತಾನೇ ವಿದ್ಯುತ್ ಹುಟ್ಟಿಸಿ ಹೆಡರ್‌ಗೆ ಹಿಂದಕ್ಕೆ ಕಳಿಸಲೂಬಹುದು. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಬೇಯಿಸುವ ಹಂಗಾಮಿನಲ್ಲಿ ಒಲೆಯ ಹೊಗೆ ಹತ್ತಿರದ ಕೋಣೆಗೆ ಬರುವಂತಿದ್ದರೆ ಅದರ ಜಿಡ್ಡು ಫಿಲ್ಟರ್‌ನ ಮೇಲೆ ಕೂರುತ್ತದೆ. ಆ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಮರಳಿ ಹಾಕಬೇಕು.

ಹೆಡರ್‌ನ ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಉಪ್ಪು ತನ್ನ ಕೆಲಸ ಶುರುಮಾಡಿದೆ ಎಂದರ್ಥ. ಫ್ಯಾನ್ ಒಮ್ಮೆ ತಿರುಗಿ ಒಮ್ಮೆ ನಿಲ್ಲುವ, ಮುಟ್ಟಿ ಅಲುಗಿಸಿದರೆ ಸರಿಹೋಗುವ ದೋಷಗಳು ಹೆಚ್ಚಾಗಿ ಇಲ್ಲಿಂದ ಬರುತ್ತವೆ. ಆಲ್ಕೋಹಾಲ್ ಹಚ್ಚಿದ ಬ್ರಷ್‌ನಿಂದ ಒರೆಸಿ, ಕನೆಕ್ಟರನ್ನು ಕೆಲವು ಸಲ ತೆಗೆದು ಹಾಕಿ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ಯಂತ್ರವನ್ನು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸುವುದು ಮೇಲು, ಏಕೆಂದರೆ ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ.

ಲಿಕ್ವಿಡ್ ಕೂಲರ್‌ನ ಕೊಳವೆಯ ಮೇಲೆ ಮಳೆಗಾಲದಲ್ಲಿ ನೀರು ಹನಿಗಟ್ಟುತ್ತದೆಯೇ ಎಂಬ ಭಯ ಹಲವರಿಗಿದೆ. ಕೊಳವೆಯೊಳಗಿನ ನೀರು ಕೋಣೆಯ ಗಾಳಿಗಿಂತ ಎಂದೂ ತಣ್ಣಗಾಗದಿರುವುದರಿಂದ ಓಡುತ್ತಿರುವ ಯಂತ್ರದಲ್ಲಿ ಅದು ಸಾಧ್ಯವಿಲ್ಲ. ಕೊಳವೆಯ ಮೇಲೆ ಹನಿ ಕಂಡರೆ ಅದನ್ನು ಸೋರಿಕೆ ಎಂದೇ ಎಣಿಸಿ ತಕ್ಷಣ ಪ್ಲಗ್ ತೆಗೆಯಬೇಕು. ನಿಜವಾಗಿ ಹನಿಗಟ್ಟುವ ಸಂದರ್ಭ ಬೇರೆಯದು: ರಾತ್ರಿಯಿಡೀ ಎಸಿ ಓಡಿದ ಕೋಣೆಯಲ್ಲಿ ಆಫ್ ಆಗಿ ತಣ್ಣಗಾಗಿರುವ ಯಂತ್ರದ ಮೇಲೆ, ಬೆಳಗ್ಗೆ ಕಿಟಕಿ ತೆರೆದೊಡನೆ ಹೊರಗಿನ ತೇವದ ಗಾಳಿ ಬಿದ್ದಾಗ. ಅಂಥ ಕೋಣೆಯಲ್ಲಿ ಎಸಿ ನಿಲ್ಲಿಸಿ ಕಿಟಕಿ ತೆರೆದ ಮೇಲೆ ಅರ್ಧ ಗಂಟೆ ಬಿಟ್ಟು ಯಂತ್ರವನ್ನು ಆನ್ ಮಾಡುವುದು ಸುರಕ್ಷಿತ.